ಯಜಮಾನರ ಕಾವಲಿ ಕಾರ್ಖಾನೆ

ಕೆಲಸ ಕೇಳಿಕೊಂಡು ಹೋದ ದಿನ ಯಜಮಾನರು ನನ್ನ ಅಂಕಪಟ್ಟಿಯನ್ನು ತೆರೆದೂ ನೋಡಲಿಲ್ಲ. ಶಿವಮೊಗ್ಗದ ಕೋಟೆ ಹತ್ತಿರ ಅವರ ಆಫೀಸು. ತಟ್ಟೆಯಲ್ಲಿ ಒಂದು ಐಸ್‌ಕ್ಯಾಂಡಿ ತರಿಸಿ ನನ್ನ ಮುಂದಿಟ್ಟು, "ತಿನ್ನಮ್ಮ, ತಿಂದು ನಿಜ ಹೇಳು" ಎಂದರು.

"ಸಕ್ಕರೆ ಜಾಸ್ತಿ ಆಗಿದೆ ಸರ್. ಹಣ್ಣಿನ ರುಚಿನೇ ಬರ್ತಿಲ್ಲ."

"ನಮ್ಮನೇಲೂ ಇದನ್ನೇ ಹೇಳ್ತಾರೆ. ಸೋಮವಾರದಿಂದ ಬಾ."

ನನಗೆ ಕೆಲಸ ಸಿಕ್ಕಿತು. ಅವರ ಐಸ್‌ಕ್ಯಾಂಡಿ ಫ್ಯಾಕ್ಟರಿ ಮಾತ್ರ ಆ ಮಳೆಗಾಲ ದಾಟಲಿಲ್ಲ.

ಯಜಮಾನರು ಕುಂಸಿ ಕಡೆಯ ರೈತರ ಮನೆಯವರು. ಮೊದಲು ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಇಟ್ಟರು, ಆಮೇಲೆ ಬಸ್ಸು ಓಡಿಸಿದರು, ಭದ್ರಾವತಿಗೆ ಹೋಗುವ ದಾರಿಯಲ್ಲಿ ಫೌಂಡ್ರಿ ಹಾಕಿದರು. ನಡುವೆ ಇಟ್ಟಿಗೆ ಭಟ್ಟಿ, ಒಂದು ಲಾಡ್ಜು, ಐಸ್‌ಕ್ಯಾಂಡಿ. ಕೆಲವು ನೆಲೆ ನಿಂತವು, ಕೆಲವು ಮುಳುಗಿದವು. ಮುಳುಗಿದವುಗಳ ಕತೆಯನ್ನೇ ಅವರು ಹೆಚ್ಚು ಖುಷಿಯಿಂದ ಹೇಳುತ್ತಿದ್ದರು. ನಮ್ಮ ಮನೆ ಭದ್ರಾವತಿಯ ನ್ಯೂ ಟೌನ್‌ನಲ್ಲಿ ಇದ್ದದ್ದರಿಂದ ನನ್ನನ್ನು ಫೌಂಡ್ರಿಯ ಆಫೀಸಿಗೆ ಹಾಕಿದರು.

ಅಲ್ಲಿ ಪಂಪ್‌ಸೆಟ್ಟಿನ ಭಾಗಗಳನ್ನು ಕಬ್ಬಿಣದಲ್ಲಿ ಎರಕ ಹೊಯ್ಯುತ್ತಿದ್ದರು. ಅವನ್ನು ಕೊಳ್ಳುತ್ತಿದ್ದ ಹೊರರಾಜ್ಯದ ಕಂಪನಿ ಕೆಲವು ವರ್ಷಗಳ ನಂತರ ತಾನೇ ಒಂದು ಫೌಂಡ್ರಿ ಕಟ್ಟಿಕೊಂಡಿತು. ನಮ್ಮ ಕುಲುಮೆ ಅಪರೂಪಕ್ಕೆ ಉರಿಯುವಂತಾಯಿತು. ಕೆಲಸಗಾರರು ಅಚ್ಚಿಗೆಂದು ಜರಡಿ ಹಿಡಿದ ಮರಳನ್ನೇ ಮತ್ತೆ ಜರಡಿ ಹಿಡಿಯುತ್ತ ಹೊತ್ತು ಕಳೆಯುತ್ತಿದ್ದರು. ಯಾರನ್ನೂ ಮನೆಗೆ ಕಳಿಸಲು ಯಜಮಾನರು ಒಪ್ಪಲಿಲ್ಲ. "ಕೆಲಸ ಬರುತ್ತೆ" ಎನ್ನುತ್ತಿದ್ದರು. ಎಲ್ಲಿಂದ ಬರುತ್ತದೆಂದು ಅವರಿಗೂ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ನನ್ನ ಡಬ್ಬಿಯಿಂದ ಒಂದು ದೋಸೆ ತಿಂದ ಯಜಮಾನರು, "ಯಾವ ಕಾವಲಿದು ಇದು?" ಎಂದು ಕೇಳಿದರು.

"ನಮ್ಮತ್ತೆದು ಸರ್, ಹಳೇ ಕಬ್ಬಿಣದ್ದು. ನಾನು ತಂದ ನಾನ್‌ಸ್ಟಿಕ್ ಸಿಪ್ಪೆ ಏಳ್ತಿತ್ತು. ಅವರು ಅದನ್ನ ಅಟ್ಟಕ್ಕೆ ಹಾಕಿದ್ರು."

ಅವರು ಕಿಟಕಿಯಾಚೆ ತಣ್ಣಗೆ ಕೂತಿದ್ದ ಕುಲುಮೆಯ ಕಡೆ ನೋಡಿದರು. "ಹಂಗಾದ್ರೆ ನಾವೇ ಯಾಕೆ ಕಾವಲಿ ಹೊಯ್ಯಬಾರ್ದು?"

ಮೊದಲ ಕಾವಲಿಯನ್ನು ನಾನೇ ಮನೆಗೆ ಒಯ್ದೆ. ಅದರ ಮೇಲೆ ಹುಯ್ದ ದೋಸೆ ಏಳಲೇ ಇಲ್ಲ. ಸುದ್ದಿ ಕೇಳಿದ ಯಜಮಾನರು ಮಾರನೆಯ ಸಂಜೆ ನೇರ ನಮ್ಮ ಮನೆಗೇ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಬಂದವರು ನನಗೆ ಕೆಲಸ ಕೊಟ್ಟವರೆಂದು ಅತ್ತೆಗೆ ಗೊತ್ತಿತ್ತು. ಆದರೂ ಬಿಡಲಿಲ್ಲ.

"ಏನ್ರೀ ಯಜಮಾನ್ರೇ, ಇದು ಕಾವಲಿನೋ ಚರಂಡಿ ಮುಚ್ಚಳನೋ? ಎತ್ತೋಕೆ ಇಬ್ಬರು ಬೇಕು."

ನನಗೆ ತಲೆಯೆತ್ತಲು ಆಗಲಿಲ್ಲ. ಅವರು ನಗುತ್ತ, "ತೆಳು ಮಾಡಿಸ್ತೀನಮ್ಮ. ದೋಸೆ ಯಾಕೆ ಅಂಟ್ಕೊಳ್ತು, ಅದನ್ನ ಹೇಳಿ" ಎಂದರು.

"ಮುಟ್ಟಿ ನೋಡಿ, ಮೈಯೆಲ್ಲ ತರಿತರಿ. ಅದೂ ಅಲ್ದೆ ಎಣ್ಣೆ ಹಚ್ಚಿ ಪಳಗಿಸ್ದೆ ಒಲೆಗಿಟ್ರೆ ಯಾವ ಕಾವಲಿ ಮಾತು ಕೇಳುತ್ತೆ?"

"ನೀವೇ ಬಂದು ಹೇಳ್ಬೇಕು. ನಾನು ಹೇಳಿದ್ರೆ ನಮ್ಮ ಹುಡುಗರು ನಂಬಲ್ಲ."

ಅತ್ತೆ ಒಬ್ಬರನ್ನೇ ಅಲ್ಲ, ಕೆಲಸಗಾರರ ಹೆಂಡತಿಯರನ್ನೂ ತಾಯಂದಿರನ್ನೂ ಒಂದು ಭಾನುವಾರ ಫೌಂಡ್ರಿಗೆ ಕರೆಸಿದರು. ಅಷ್ಟು ವರ್ಷಗಳಲ್ಲಿ ಅವರಲ್ಲಿ ಯಾರೂ ಆ ಗೇಟಿನ ಒಳಗೆ ಕಾಲಿಟ್ಟಿರಲಿಲ್ಲ. ಎಲ್ಲರೂ ಹಿಟ್ಟಿನ ಪಾತ್ರೆ ಹಿಡಿದು, ಒಳ್ಳೆಯ ಸೀರೆ ಉಟ್ಟು ಬಂದರು. ಅಂಗಳದಲ್ಲಿ ಸಾಲಾಗಿ ಒಲೆಗಳು. ಬೇರೆ ಬೇರೆ ದಪ್ಪದಲ್ಲಿ ಹೊಯ್ದ ಕಾವಲಿಗಳನ್ನು ಅತ್ತೆ ಹೇಳಿದಂತೆ ಉಜ್ಜಿ, ಎಣ್ಣೆ ಹಚ್ಚಿ ಕಾಯಿಸಿ ಇಟ್ಟಿದ್ದೆವು. ಗಂಡಸರು ಪರೀಕ್ಷೆಗೆ ಕೂತವರ ಹಾಗೆ ಗೋಡೆಗೆ ಒರಗಿ ನಿಂತಿದ್ದರು.

ಅಚ್ಚು ಕಟ್ಟುವವನ ಹೆಂಡತಿ ಮನೆಯಲ್ಲಿ ತಮಿಳು ಮಾತಾಡುವವಳು, ಭದ್ರಾವತಿಯಲ್ಲೇ ಹುಟ್ಟಿದವಳು. ಪಡ್ಡಿನ ಕಾವಲಿ ನೋಡಿ, "ಗುಳಿ ಇಷ್ಟು ಆಳ ಆದ್ರೆ ಒಳಗೆ ಬೇಯಲ್ಲ ಸಾರ್" ಎಂದಳು. ದೋಸೆ ಕಾವಲಿಗೆ ಅಂಚು ಬೇಕು ಅಂತ ಅವಳು, ಬೇಡ ಅಂತ ಅತ್ತೆ. ಇಬ್ಬರೂ ಸೋಲಲಿಲ್ಲ. "ಎರಡೂ ಮಾಡೋಣ, ಜಗಳ ಬೇಡ" ಎಂದು ಯಜಮಾನರು ಬಾಯಲ್ಲಿ ಪಡ್ಡು ಇಟ್ಟುಕೊಂಡೇ ತೀರ್ಪು ಕೊಟ್ಟರು.

ಆಮೇಲೆ ಅಚ್ಚುಗಳಿಗೆ ಕಬ್ಬಿಣ ಹೊಯ್ಯುವುದನ್ನು ಹೆಂಗಸರೆಲ್ಲ ದೂರದಲ್ಲಿ ನಿಂತು ನೋಡಿದರು. ಕರಗಿದ ಕಬ್ಬಿಣದ ಬೆಳಕು ಮುಖಕ್ಕೆ ಬಡಿದಾಗ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಆ ತಮಿಳಿನ ಹೆಂಗಸು ಗಂಡನ ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು.

"ದಿನಾ ಇದರ ಮುಂದೇನೇ ನಿಲ್ತೀರಾ?"

"ಅದಕ್ಕೇ ಮನೇಲಿ ನೀನು ಬೈದ್ರೂ ತಂಪಾಗಿರುತ್ತೆ" ಎಂದ. ಅವಳು ನಗಲಿಲ್ಲ. ಸೆರಗಿನಿಂದ ಅವನ ಹಣೆಯ ಬೆವರು ಒರೆಸಿದಳು, ಎಲ್ಲರೆದುರಿಗೇ.

ಹೆಂಗಸರು ಒಪ್ಪದ ಕಾವಲಿಗಳು ಕುಲುಮೆಗೆ ವಾಪಸ್ಸಾದವು. ಒಪ್ಪಿದವು ಮೊದಲು ಶಿವಮೊಗ್ಗದ ಪಾತ್ರೆ ಅಂಗಡಿಗಳಿಗೆ, ಆಮೇಲೆ ದಾವಣಗೆರೆ, ಹುಬ್ಬಳ್ಳಿಗೆ ಹೋದವು. ಈಗ ಮೊಬೈಲಿನಲ್ಲಿ ಆರ್ಡರ್ ಮಾಡುವ ಯಾವ್ಯಾವುದೋ ಊರಿಗೆ ಹೋಗುತ್ತವೆ. ಪಂಪ್‌ಸೆಟ್ಟಿನ ಕೆಲಸವೂ ಬೇರೆ ಕಡೆಯಿಂದ ಬಂತು. ಆದರೆ ಫೌಂಡ್ರಿಯನ್ನು ಉಳಿಸಿದ್ದು ಕಾವಲಿಯೇ. ಎಣ್ಣೆ ಹಚ್ಚಿ ಪಳಗಿಸಲು ಯಜಮಾನರು ಬೇರೆ ಶೆಡ್ ಕಟ್ಟಿ ಹೆಂಗಸರಿಗೇ ಕೆಲಸ ಕೊಟ್ಟರು. ಅತ್ತೆ ಕೆಲವು ವರ್ಷ ಅದರ ಉಸ್ತುವಾರಿ ನೋಡಿಕೊಂಡರು. ಮಂಡಿ ನೋವು ಬಂದ ಮೇಲೆ ಬಿಟ್ಟರು. ಈಗಲೂ ಮನೆಗೆ ಬಂದವರ ಹತ್ತಿರ, "ನಾನೂ ಫ್ಯಾಕ್ಟರಿಯಿಂದ ರಿಟೈರ್ ಆದವಳೇ ಮಾರಾಯ್ತಿ" ಎನ್ನುತ್ತಾರೆ.

ಫೌಂಡ್ರಿಯನ್ನು ಈಗ ಯಜಮಾನರ ಮಗಳು ನಡೆಸುತ್ತಾರೆ. ಅಪ್ಪ ಇನ್ನು ಆರಾಮವಾಗಿರಲಿ ಎಂದು ಅವರ ಆಸೆ. ಯಜಮಾನರು ಈ ವರ್ಷ ಕುಂಸಿಯಲ್ಲಿ ಶಾವಿಗೆ ಮಾಡುವ ಘಟಕ ಶುರು ಮಾಡಿದ್ದಾರೆ.

"ಈ ವಯಸ್ಸಲ್ಲಿ ಇದೆಲ್ಲ ಯಾಕಪ್ಪ?" ಎಂದು ಮಗಳು ಕೇಳಿದಾಗ, "ಸುಮ್ನೆ ಕೂತ್ರೆ ನಿನ್ನ ಫೌಂಡ್ರಿಲಿ ಕೈ ಹಾಕ್ತೀನಿ, ನೋಡು" ಎಂದರಂತೆ. ಆಕೆ ಬೇಗ ಒಪ್ಪಿದರು.

ಮೆಷಿನ್ ಪೂಜೆಗೆ ನಾನೂ ಹೋಗಿದ್ದೆ. ಮೊದಲ ಶಾವಿಗೆಯಲ್ಲಿ ಅಲ್ಲೇ ಪಾಯಸ ಮಾಡಿದರು. ಎಳೆಯೆಲ್ಲ ಕರಗಿ ಗಂಜಿಯಂತಾಗಿತ್ತು. ಯಜಮಾನರು ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು, ಗುಟುಕರಿಸಿದರು, ಇನ್ನೊಂದು ಲೋಟ ಹಾಕಿಸಿಕೊಂಡು ಮೆಷಿನ್ ನಡೆಸುವ ಹುಡುಗಿಯನ್ನು ಹತ್ತಿರ ಕರೆದು, ಹಿಟ್ಟಿಗೆ ಎಷ್ಟು ನೀರು ಹಾಕಿದ್ದೆಂದು ವಿಚಾರಿಸತೊಡಗಿದರು.