ಕಲಾವಿದರಾಗದವರ ಶಾಲೆ

ಮೊನ್ನೆ ಭಾನುವಾರ ಸಾಗರದಿಂದ ಹೊಸನಗರಕ್ಕೆ ಬಸ್ಸಿನಲ್ಲಿ ನಿಂತುಕೊಂಡೇ ಬರುತ್ತಿದ್ದೆ. ಬಾಗಿಲಿಗೆ ಒರಗಿದ್ದ ಕಂಡಕ್ಟರು ನಾಣ್ಯದಿಂದ ಕಂಬಿ ಕುಟ್ಟುತ್ತಿದ್ದ. ಸುಮ್ಮನೆ ಕುಟ್ಟಿದ್ದರೆ ನನಗೇನೂ ಆಗುತ್ತಿರಲಿಲ್ಲ. ತಕಿಟ ತಕಧಿಮಿ, ತಕಿಟ ತಕಧಿಮಿ ಎಂದು ಏಳೇಳು ಪೆಟ್ಟು. ನನ್ನ ಬೆರಳುಗಳೂ ಸೀಟಿನ ಬೆನ್ನಿನ ಮೇಲೆ ಆಡತೊಡಗಿದವು. ಅವನು ಅದನ್ನು ನೋಡಿ, "ನೀವೂ ಮಾಸ್ತರ ಹತ್ರ ಕಲ್ತವ್ರಾ?" ಎಂದ.

ಈ ಮಾಸ್ತರರು ಯಾರೆಂದು ನಿಮಗೆ ಹೇಳಬೇಕು. ಹೊಸನಗರದ ಪೇಟೆಯ ಹಿಂದೆ, ತಗಡು ಹೊದೆಸಿದ ಒಂದು ಕಟ್ಟಡದಲ್ಲಿ ಭಾನುವಾರ ಭಾನುವಾರ ಮಕ್ಕಳಿಗೆ ಯಕ್ಷಗಾನ ಕಲಿಸುವವರು. ಮಾಸ್ತಿಕಟ್ಟೆಯಿಂದಲೂ ಮಕ್ಕಳು ಬರುತ್ತಿದ್ದರು. ನಾನೂ ಮೂರು ವರ್ಷ ಕುಣಿದೆ. ಕುಣಿದೆ ಎನ್ನುವುದು ನನ್ನ ಮಾತು. "ನೀ ಕುಣಿಯೋದಲ್ಲ ಮಾರಾಯ, ಗದ್ದೆ ಕೆಸರು ತುಳಿಯೋದು" ಎನ್ನುತ್ತಿದ್ದರು ಅವರು. ಕಾಲು ಸರಿಯಾದರೆ ಕೈ ಮರೆಯುತ್ತಿತ್ತು, ಎರಡೂ ನೆನಪಿದ್ದ ದಿನ ಮಾತು ಮರೆಯುತ್ತಿತ್ತು. ಕೊನೆಗೆ ಸಾಯುವ ರಕ್ಕಸನ ವೇಷ ಕೊಟ್ಟರು. ಅಲ್ಲಿಯೂ ಸತ್ತು ಬಿದ್ದ ಮೇಲೆ ತಾಳ ಕೇಳಿ ನನ್ನ ಪಾದ ಅಲ್ಲಾಡಿ, ಸಭೆಯೆಲ್ಲ ನಕ್ಕಿತು.

ಕುಣಿತ ಬಿಟ್ಟರೂ ಶಾಲೆ ಬಿಡಲಿಲ್ಲ. ಅಕ್ಷರ ದುಂಡಗಿದೆ ಎಂದು ಶಾಲೆಯ ಕಾಗದಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕೆಲವು ವರ್ಷಗಳ ಹಿಂದೆ, ಮಾಡು ತೀರಾ ಸೋರುತ್ತಿದ್ದಾಗ, ಸರ್ಕಾರದ ನೆರವು ಕೋರಿ ಒಂದು ಅರ್ಜಿ ತುಂಬಬೇಕಾಯಿತು. ಅದರಲ್ಲೊಂದು ಪ್ರಶ್ನೆ: ಈ ಶಾಲೆಯಲ್ಲಿ ಕಲಿತು ಕಲಾವಿದರಾದವರ ಹೆಸರು. ನಾನು ಬಹಳ ಯೋಚಿಸಿದೆ. ಒಬ್ಬ ಗ್ಯಾರೇಜು ಇಟ್ಟಿದ್ದ, ಒಬ್ಬಳು ತೀರ್ಥಹಳ್ಳಿಯಲ್ಲಿ ನರ್ಸು. ಯಕ್ಷಗಾನ ಮೇಳ ಸೇರಿದವರು ಯಾರೂ ನೆನಪಾಗಲಿಲ್ಲ. ಪ್ರಾಮಾಣಿಕತೆಯ ಹುಮ್ಮಸ್ಸಿನಲ್ಲಿ 'ಯಾರೂ ಇಲ್ಲ' ಎಂದು ದುಂಡಗೆ ಬರೆದು ಸಹಿಗೆ ಕೊಟ್ಟೆ.

ಮಾಸ್ತರರು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು.

"ಹಾಗಾದ್ರೆ ಇಷ್ಟು ವರ್ಷ ನಾ ಎಂತ ಮಾಡ್ದೆ?"

ಅವರು ಸಹಿ ಹಾಕಲಿಲ್ಲ. ಈ ಸಲದ ಮಕ್ಕಳ ಯಕ್ಷಗಾನದ ಆಟ ಮುಗಿದ ಮೇಲೆ ಶಾಲೆ ಮುಚ್ಚುತ್ತೇನೆ ಎಂದರು. ನನ್ನ ದುಂಡು ಅಕ್ಷರದ ಮೇಲೆ ನನಗೇ ಸಿಟ್ಟು ಬಂತು.

ಆಟ ಮಧ್ಯಾಹ್ನ ಶುರುವಾಯಿತು. ಹಳೆಯ ವಿದ್ಯಾರ್ಥಿಗಳು, ತಂದೆ ತಾಯಂದಿರು ಎಲ್ಲ ಬಂದಿದ್ದರು. ನಡುವೆ ಕರೆಂಟು ಹೋಯಿತು. ನಾಡಿಗೆಲ್ಲ ಕರೆಂಟು ಕೊಡುವ ಲಿಂಗನಮಕ್ಕಿ ಅಣೆಕಟ್ಟನ್ನು ಮಗ್ಗುಲಲ್ಲೇ ಇಟ್ಟುಕೊಂಡ ನಮಗೆ ಇದೇನೂ ಹೊಸದಲ್ಲ. ಆದರೆ ಮೈಕು ನಿಂತ ಹೊತ್ತಿಗೇ ತಗಡಿನ ಮೇಲೆ ಮಳೆ ಹೊಡೆಯತೊಡಗಿತು. ಮಾಸ್ತರರ ಹಾಡೂ ಮದ್ದಳೆಯೂ ಅದರಲ್ಲಿ ಮುಳುಗಿದವು. ರಂಗದ ಮೇಲಿದ್ದ ಐದು ಮಕ್ಕಳು ಹೆಜ್ಜೆ ತಪ್ಪಿ ಮುಖ ಮುಖ ನೋಡಿಕೊಂಡರು. ಒಬ್ಬಳು ಅಳುವುದಕ್ಕೇ ಶುರುಮಾಡಿದಳು.

ಆಗ ಸರೋಜಕ್ಕ ಕೈ ತಟ್ಟತೊಡಗಿದಳು. ಸಂತೆಯಲ್ಲಿ ಮೀನು ಮಾರುವವಳು. ತನ್ನಿಬ್ಬರು ಮಕ್ಕಳು ಕಲಿಯುವಾಗ ಬಾಗಿಲಲ್ಲಿ ಕೂತು ಕೇಳಿದ್ದಷ್ಟೇ ಅವಳ ವಿದ್ಯೆ. ತಟ್ಟಿದ್ದು ಚಪ್ಪಾಳೆಯಲ್ಲ, ತಾಳ. ಅವಳ ಜೊತೆ ಗ್ಯಾರೇಜಿನವನು ಸೇರಿದ, ನರ್ಸು ಸೇರಿದಳು, ನಾನೂ ಸೇರಿದೆ. ಗಳಿಗೆಯಲ್ಲಿ ಇಡೀ ಸಭೆ ಮಳೆಗಿಂತ ಜೋರಾಗಿ ತಾಳ ಹಾಕುತ್ತಿತ್ತು. ಒಂದು ಪೆಟ್ಟೂ ಆಚೀಚೆ ಆಗಲಿಲ್ಲ. ಮಕ್ಕಳು ಮತ್ತೆ ಹೆಜ್ಜೆ ಹಿಡಿದರು. ಮಾಸ್ತರರು ಹಾಡು ನಿಲ್ಲಿಸಿ, ಸಭೆಯ ಕಡೆ ತಿರುಗಿ ಕೂತು ಕೇಳುತ್ತಿದ್ದರು. ನನಗೆ ಅಳು ಬಂತು, ತಾಳ ಮಾತ್ರ ಬಿಡಲಿಲ್ಲ.

ಎಲ್ಲರೂ ಹೋದ ಮೇಲೆ ಹತ್ತಿರ ಹೋಗಿ, "ತಪ್ಪಾಯ್ತು ಮಾಸ್ತರೇ, ನಾನು ಹಾಗೆ ಬರೀಬಾರ್ದಿತ್ತು" ಎಂದೆ.

"ನೀ ಬರ್ದಿದ್ದು ಸರೀನೇ. ಅವ್ರು ಕೇಳಿದ್ದೇ ಸರಿ ಇರ್ಲಿಲ್ಲ," ಎಂದರು. "ಬರೋ ಭಾನುವಾರ ಕ್ಲಾಸಿದೆ ಅಂತ ಎಲ್ರಿಗೂ ಹೇಳು."

ಅರ್ಜಿ ಕಳಿಸಲೇ ಇಲ್ಲ. ಗ್ಯಾರೇಜಿನವನು ನಾಲ್ಕು ಜನರನ್ನು ಸೇರಿಸಿ ಮಾಡಿಗೆ ಬೇರೆ ತಗಡು ಹಾಕಿದ.

ಮೊನ್ನೆ ಬಸ್ಸಿಳಿದವನು ಮನೆಗೆ ಹೋಗಲಿಲ್ಲ. ಶಾಲೆಗೆ ಹೋಗಿ, ಪ್ಯಾಂಟು ಮಡಚಿಕೊಂಡು, ಎಂಟು ಹತ್ತು ವರ್ಷದ ಮಕ್ಕಳ ಹಿಂದೆ ನಿಂತು ಹೆಜ್ಜೆ ಹಾಕಿದೆ. ಮಂಡಿ ಎರಡೂ ಸದ್ದು ಮಾಡಿದವು. ಮಾಸ್ತರರಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ, ಆದರೆ ಕಿವಿ ಚುರುಕಾಗಿದೆ.

"ಹಿಂದೆ ಯಾರದು, ದೊಡ್ಡ ಕಾಲು?"

"ನಾನು, ಮಾಸ್ತರೇ."

"ಈಗ ಎಂತಕ್ಕೆ ಬಂದಿ?"

"ಕಲಿಯಕ್ಕೆ."

ಅವರು ಮುಂದಿನ ಸಾಲಿನ ಕಡೆ ಕೈ ಬೀಸಿ, "ಮಕ್ಳೇ, ಇವ್ನಿಗೆ ಸ್ವಲ್ಪ ಜಾಗ ಬಿಡಿ" ಎಂದರು.