ಮಗ್ಗದ ಬೀದಿಯ ಅರ್ಥಶಾಸ್ತ್ರ

ಮೊನ್ನೆ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವಾಗ ಬೆರಳಿಗಂಟಿದ ವಾಸನೆ ನನ್ನನ್ನು ಎಪ್ಪತ್ತರ ದಶಕದ ದೊಡ್ಡಬಳ್ಳಾಪುರಕ್ಕೆ ಎಳೆದುಕೊಂಡು ಹೋಯಿತು. ನಮ್ಮ ಕಾಲೇಜಿನ ಅರ್ಥಶಾಸ್ತ್ರದ ಮೇಡಂ ತರಗತಿಗೆ ಬಂದರೆ ಅವರ ಸೀರೆಯಿಂದ ಬರುತ್ತಿದ್ದುದು ಇದೇ ವಾಸನೆ. ಅವರ ಗಂಡನಿಗೆ ಎಂಟು ಪವರ್‌ಲೂಮ್‌ಗಳಿದ್ದವು. ಮನೆಯ ಹಿಂಭಾಗವೇ ಮಗ್ಗದ ಷೆಡ್ಡು. ನಮ್ಮಪ್ಪ ಅಲ್ಲಿ ಕೂಲಿಗೆ ನೇಯುತ್ತಿದ್ದ.

ಮೇಡಂ ಕಲಿಸುತ್ತಿದ್ದುದು ಮಿಶ್ರ ಅರ್ಥವ್ಯವಸ್ಥೆ. ಸ್ವಾತಂತ್ರ್ಯ ಬಂದ ಮೇಲೆ ಉಕ್ಕು, ರೈಲುಗಳನ್ನು ಸರ್ಕಾರ ಇಟ್ಟುಕೊಂಡದ್ದು, ಬೇಸಾಯ, ಬಟ್ಟೆ ಖಾಸಗಿಯವರಿಗೆ ಉಳಿದದ್ದು, ಅರವತ್ತರ ದಶಕದಲ್ಲಿ ಯುದ್ಧ, ಬರಗಳಿಂದ ಯೋಜನೆಗಳು ಮುಗ್ಗರಿಸಿದ್ದು, ರೂಪಾಯಿಯ ಬೆಲೆ ಇಳಿದದ್ದು, ಬ್ಯಾಂಕುಗಳು ರಾಷ್ಟ್ರೀಕರಣವಾದದ್ದು... ಎಲ್ಲವನ್ನೂ ಮನೆಯ ಸಮಾಚಾರದಂತೆ ಹೇಳುತ್ತಿದ್ದರು. ಆ ಇಪ್ಪತ್ತೈದು ವರ್ಷಗಳ ಬಗ್ಗೆ ದೊಡ್ಡದೊಂದು ಲೇಖನವನ್ನೂ ಬರೆಯುತ್ತಿದ್ದರು. ಸರ್ಕಾರ ಬಡವರ ಕೈ ಹಿಡಿದು, ಖಾಸಗಿಯವರು ಕೆಲಸ ಚುರುಕಾಗಿಸಿದರೆ ದೇಶ ಉಳಿಯುತ್ತದೆಂದು ಅವರು ನಂಬಿದ್ದರು.

ಒಂದು ದಿನ, "ಪುಸ್ತಕದಲ್ಲಿರೋದು ಬೇಡ. ನಿಮ್ಮ ಬೀದೀಲಿ ಸರ್ಕಾರ ಎಲ್ಲಿ ಕಾಣುತ್ತೆ, ಹೇಳಿ," ಅಂದರು.

ನಾನು ಎದ್ದು ನಿಂತೆ. "ಪರ್ಮಿಟ್ಟಲ್ಲಿ ಮೇಡಂ. ಮಗ್ಗ ಇರೋರಿಗೆ ಸರ್ಕಾರ ಕಮ್ಮಿ ಬೆಲೆಗೆ ನೂಲು ಕೊಡುತ್ತೆ. ಕೆಲವ್ರು ಮೂಟೆ ಬಿಚ್ಚೋದೇ ಇಲ್ಲ, ಹಂಗೇ ಬೆಂಗಳೂರಿನ ವ್ಯಾಪಾರಿಗೆ ಮಾರಿಬಿಡ್ತಾರೆ. ನೇಯೋದಕ್ಕಿಂತ ಅದ್ರಲ್ಲೇ ಲಾಭ ಅಂತೆ."

"ಯಾರು?"

ಅಪ್ಪ ಮನೆಯಲ್ಲಿ ಹೇಳಿದ್ದು ಅವರ ಗಂಡನ ಹೆಸರನ್ನೇ. ನಾನು ತಲೆ ತಗ್ಗಿಸಿದೆ. ಅವರಿಗೆ ಅರ್ಥವಾಯಿತು.

ಆ ಷೆಡ್ಡಿನಲ್ಲಿ ಮೂರೇ ಮಗ್ಗ ಓಡುತ್ತಿದ್ದವು. ನೂಲೇ ಬರುತ್ತಿಲ್ಲವೆಂದು ಗಂಡ ಹೇಳಿದ್ದನ್ನು ಮೇಡಂ ನಂಬಿದ್ದರು, ಲೇಖನದಲ್ಲೂ ಹಾಗೆಯೇ ಬರೆದಿದ್ದರು. ಅಂದು ಸಂಜೆ ಅವರಿಬ್ಬರ ಮಾತು ಮಗ್ಗದ ಮುಂದಿದ್ದ ಅಪ್ಪನ ಕಿವಿಗೂ ಬಿತ್ತು. "ಎಲ್ರೂ ಮಾರ್ತಾರೆ. ನಾನೊಬ್ಬ ನೇಯ್ಕೊಂಡು ಕೂತ್ರೆ ಷೆಡ್ಡು ಮುಚ್ಬೇಕಾಗುತ್ತೆ," ಎಂದನಂತೆ ಗಂಡ.

ಮುಂದಿನ ವಾರ ನೇಕಾರರ ಸಭೆಯಲ್ಲಿ ಮೇಡಂ ಎದ್ದು ನಿಂತು, ತಮ್ಮ ಮನೆಯ ನೂಲು ಎಲ್ಲಿಗೆ ಹೋಗುತ್ತಿದೆ ಎಂದು ಎಲ್ಲರೆದುರು ಹೇಳಿಬಿಟ್ಟರು. ಅಧಿಕಾರಿಗಳು ಬಂದರು. ಪರ್ಮಿಟ್ಟು ರದ್ದಾಯಿತು. ಓಡುತ್ತಿದ್ದ ಮೂರು ಮಗ್ಗಗಳೂ ನಿಂತವು. ಆ ನೂಲು ನಮ್ಮ ಬೀದಿಯಲ್ಲಿ ಒಂದೆರಡು ಮಗ್ಗವಿದ್ದ ಬಡ ನೇಕಾರರಿಗೆ ಸಿಗುತ್ತದೆಂದು ಅವರು ಎಣಿಸಿದ್ದರು. ಅದು ಬೇರೊಬ್ಬರ ಹೆಸರಿಗೆ ಹೋಯಿತು, ಅಲ್ಲಿಂದ ಮತ್ತದೇ ವ್ಯಾಪಾರಿಗೆ...

ಊರಿನ ಬೇರೆ ಷೆಡ್ಡುಗಳಲ್ಲೂ ನೂಲು ಮಾರಿ ಮಗ್ಗ ನಿಲ್ಲಿಸಿದ್ದರಿಂದ ಕೂಲಿ ಸಿಗಲಿಲ್ಲ. ಅಪ್ಪ ಹೊಸಕೋಟೆಯವರೆಗೂ ಹೋಗಿ ಕಾರ್ಖಾನೆಗಳ ಗೇಟಿನ ಮುಂದೆ ನಿಂತು ಬಂದ. ಮಗ್ಗ ಬಿಟ್ಟು ಬೇರೇನೂ ಗೊತ್ತಿಲ್ಲದವನನ್ನು ಯಾರೂ ಸೇರಿಸಿಕೊಳ್ಳಲಿಲ್ಲ. ಮನೆಯಲ್ಲಿ ಒಂದು ಹೊತ್ತಿನ ಒಲೆ ನಿಂತಿತು. ನಾನು ಕಾಲೇಜು ಬಿಟ್ಟೆ.

ಅದನ್ನು ಕೇಳಿ ಮೇಡಂ ನಮ್ಮ ಮನೆಗೆ ಬಂದರು. ಅಮ್ಮ ಚಾಪೆ ಹಾಸಲಿಲ್ಲ.

"ನೂಲು ನಿಮ್ಮ ಬೀದಿಯವ್ರಿಗೇ ಬರುತ್ತೆ, ಇಲ್ಲೇ ಕೆಲಸ ಸಿಗುತ್ತೆ ಅಂದ್ಕೊಂಡಿದ್ದೆ ಕಣಮ್ಮ," ಎಂದರು ಮೇಡಂ.

"ನಿಮ್ಗೇನು, ತಿಂಗ್ಳಾದ್ರೆ ಸಂಬ್ಳ ಬತ್ತದೆ. ನಮ್ ಅನ್ನಕ್ಕೆ ಮಣ್ಣು ಹಾಕುದ್ರಿ. ನಿಮ್ ಯಜಮಾನ್ರು ನೂಲು ಮಾರ್ತಾರೆ ಅಂತ ನಿಮ್ಗೆ ಹೇಳಿದ್ ಪುಣ್ಯಾತ್ಮ ಯಾರು?"

ನಾನು ಬಾಗಿಲ ಸಂದಿಯಲ್ಲೇ ನಿಂತಿದ್ದೆ. ಮೇಡಂ ನನ್ನತ್ತ ತಿರುಗಲೂ ಇಲ್ಲ.

"ಯಾರೂ ಹೇಳ್ಲಿಲ್ಲ. ನಾನೇ ನೋಡ್ದೆ," ಎಂದರು.

ನಾನು ಬಾಗಿಲ ಹಿಂದಕ್ಕೆ ಸರಿದೆ. ಅವರು ಬೀದಿಯುದ್ದಕ್ಕೂ ಒಬ್ಬರೇ ನಡೆದು ಹೋದರು. ಜಗಲಿಗಳ ಮೇಲಿದ್ದವರು ಮುಖ ತಿರುಗಿಸಿದರು. ಆ ವರ್ಷವೇ ಅವರು ವರ್ಗ ಮಾಡಿಸಿಕೊಂಡು ಊರು ಬಿಟ್ಟರು. ಗಂಡ ಜೊತೆಗೆ ಹೋಗಲಿಲ್ಲ. ಆ ಲೇಖನವನ್ನು ಮುಗಿಸಿದರೋ, ಹರಿದು ಹಾಕಿದರೋ...

ಅಪ್ಪ ಸಾಯುವವರೆಗೂ ಅವರನ್ನು ಶಪಿಸಿದ. ನಾನು ಅವನಿಗೆ ಅನ್ನ ಬಡಿಸುತ್ತಾ ಸುಮ್ಮನೆ ಕೇಳಿಸಿಕೊಂಡೆ. ಅವನ ಹಿಂದೆಯೇ ಅಮ್ಮನೂ ಹೋದಳು. ಹೋದ ವರ್ಷ ಹಳೆಯ ಸಹಪಾಠಿಯೊಬ್ಬಳು ಸಿಕ್ಕಾಗ, ಮೇಡಂ ತೀರಿಕೊಂಡು ಬಹಳ ಕಾಲವಾಯಿತೆಂದಳು. ನಿಜ ಹೇಳಲು ನನಗೀಗ ಯಾರ ಹೆದರಿಕೆಯೂ ಇಲ್ಲ. ಕೇಳಬೇಕಾಗಿದ್ದವರು ಒಬ್ಬರೂ ಉಳಿದಿಲ್ಲ.