ಬೇಡಿಕೊಳ್ಳಲು ಏನೂ ಇಲ್ಲದ ಊರು

ಕಳೆದ ವಾರ ಮಾನ್ವಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ನನಗೊಂದು ಸ್ಟೀಲ್ ಡಬ್ಬಿ ಬಂತು. ರಾಯಚೂರು ಬಸ್ ನಿಲ್ದಾಣದಲ್ಲಿ ಇಸಿದುಕೊಂಡು, ಮನೆ ಮುಟ್ಟುವವರೆಗೂ ತಾಳಲಾರದೆ ಆಟೋದಲ್ಲೇ ಮುಚ್ಚಳ ತೆಗೆದೆ. ಮೆಂತ್ಯದ ಹಿಟ್ಟು. ಹುರಿದ ಕಡಲೆಬೇಳೆ, ಗೋಧಿ, ಮೆಂತ್ಯ, ಎಲ್ಲದರ ಮೇಲೆ ಇಂಗಿನ ಘಾಟು... ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಆಟೋದವನು ಕನ್ನಡಿಯಲ್ಲಿ ನೋಡಿದ. ಇಂಗಿನಿಂದ ಬಂತು ಎಂದುಕೊಂಡಿರಬೇಕು. ಅಂದುಕೊಳ್ಳಲಿ ಬಿಡಿ.

ಆ ವಾಸನೆ ಕಾಕುವಿನದು. ಡಬ್ಬಿ ಕಳಿಸಿದ್ದು ಅವರಲ್ಲ, ಅವರು ಹೋಗಿ ಕೆಲವು ವರ್ಷಗಳಾದವು. ಯಾರು ಕಳಿಸಿದರು, ಯಾಕೆ ಕಳಿಸಿದರು ಎಂಬುದಕ್ಕೆ ಆಮೇಲೆ ಬರುತ್ತೇನೆ.

ನಾನು ಹೈಸ್ಕೂಲು ಟೀಚರಾಗಿ ರಾಯಚೂರಿಗೆ ಬಂದಾಗ ಬಾಡಿಗೆಗೆ ಹಿಡಿದದ್ದು ಅವರ ಮನೆಯ ಮಾಳಿಗೆಯ ಕೋಣೆ. ಓಣಿಯವರೆಲ್ಲ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಅಂದೆ. ಗಂಡ ತೀರಿಕೊಂಡ ಮೇಲೆ ಓಣಿಯ ದೊಡ್ಡ ಮನೆಗಳಲ್ಲಿ ಹಬ್ಬಕ್ಕೆ, ಶ್ರಾದ್ಧಕ್ಕೆ ಮಡಿ ಅಡುಗೆ ಮಾಡಿಕೊಂಡು ಬದುಕಿದವರು. ನಾನೋ ದೇವದುರ್ಗದ ಕಡೆ ಜಾಲಹಳ್ಳಿಯವಳು, ಕುರಿ ಹಿಂಡಿನ ಹಿಂದೆ ನಡೆದ ಮನೆತನ. ಕಾಕು ಮಡಿಯಲ್ಲಿದ್ದರೆ ನಾನು ಮೆಟ್ಟಿಲಿಳಿಯುವ ಹಾಗಿರಲಿಲ್ಲ. ಮಡಿ ಬಿಚ್ಚಿದರೋ, ನನ್ನ ಕೋಣೆಗೆ ಬಂದು, ನನ್ನ ಮಂಚದ ಮೇಲೆ ಕಾಲು ಚಾಚಿ, ನನ್ನ ಮೊಬೈಲನ್ನೇ ಕಸಿದುಕೊಂಡು ನೋಡುತ್ತಿದ್ದರು. ಇದ್ಯಾವ ನ್ಯಾಯ ಎಂದು ನಾನು ಕೆಣಕಿದರೆ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ನಾನೂ ಸಿಟ್ಟು ಮಾಡಿಕೊಳ್ಳುತ್ತಿದ್ದೆ, ಮತ್ತೆ ಸಂಜೆಗೆ ಅವರ ದಾರಿ ಕಾಯುತ್ತಿದ್ದೆ.

ಹಾಗೆ ನೋಡುತ್ತಿದ್ದಾಗ ಒಂದು ದಿನ ಕ್ಯೋಟೋ ಊರಿನ ವಿಡಿಯೋ ಬಂತು. ಹಳೆಯ ಮರದ ಮನೆಗಳು, ಹೊಸ್ತಿಲ ಹೊರಗೆ ಬಿಟ್ಟ ಚಪ್ಪಲಿ, ನೆಲದ ಮೇಲೆ ಚಾಪೆ, ಗಿಡ್ಡ ಮಣೆಯ ಮುಂದೆ ಕೂತು ಊಟ. ಗುಡಿಯೊಂದರಲ್ಲಿ ಮುದುಕಿಯೊಬ್ಬಳು ಒದ್ದೆ ಬಟ್ಟೆಯಿಂದ ಹಲಗೆ ನೆಲ ಒರೆಸುತ್ತಿದ್ದಳು. ಕಾಕು ಅದನ್ನು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದರು. ನಾನು ನಗುತ್ತ, ನಡೆಯಿರಿ ಹೋಗೋಣ ಎಂದೆ. ಅವರು ನಗಲಿಲ್ಲ.

"ಕಾಶಿಗೆ ಹೋದ್ರ ಗಂಡಗ ಸದ್ಗತಿ ಬೇಡಬೇಕು. ತಿರುಪತಿಗೆ ಹೋದ್ರ ತಮ್ಮಗ ಆರೋಗ್ಯ ಬೇಡಬೇಕು. ಬೇಡಿ ಬೇಡಿ ಸಾಕಾಗ್ಯದ ಹುಡುಗಿ. ಬೇಡಿಕೊಳ್ಳೋದು ಏನೂ ಇಲ್ಲದ ಊರಿಗೆ ಒಮ್ಮೆ ಹೋಗಿ ಬರಬೇಕು ನೋಡು."

ಕಾಶಿಗೆಂದು ಕೂಡಿಟ್ಟ ದುಡ್ಡು ಅವರಲ್ಲಿತ್ತು. ಅದರಲ್ಲೇ ಆಗಬೇಕು, ಯಾರ ಮುಂದೂ ಕೈ ಚಾಚುವುದಿಲ್ಲ ಎಂದರು. ಸ್ಟೇಷನ್ ರೋಡಿನ ಟ್ರಾವೆಲ್ಸ್ ಆಫೀಸಿಗೆ ಹೋದೆವು. ಅಲ್ಲಿದ್ದವರು ಕಾಕುವಿನ ಸೀರೆ ನೋಡಿ ಮೊದಲು ಚಾರ್‌ಧಾಮ್ ತೋರಿಸಿದರು. ಜಪಾನು ಎಂದಾಗ ಹುಬ್ಬೇರಿಸಿದರು. ಹೂವು ಅರಳುವ ಕಾಲಕ್ಕೆ ಎಲ್ಲ ದುಬಾರಿ, ಅವರ ಬೇಸಿಗೆಯಲ್ಲಾದರೆ ಕೋಣೆ ಅಗ್ಗಕ್ಕೆ ಸಿಗುತ್ತದೆ, ಆದರೆ ಆಗ ಯಾರೂ ಹೋಗಬಯಸುವುದಿಲ್ಲ, ವಿಪರೀತ ಧಗೆ ಎಂದರು. ಕಾಕು ಬಾಗಿಲ ಕಡೆ ನೋಡಿದರು. ಹೊರಗೆ ನಮ್ಮ ಮೇ ತಿಂಗಳ ಬಿಸಿಲು ಡಾಂಬರನ್ನು ಕರಗಿಸುತ್ತಿತ್ತು.

"ರಾಯಚೂರಾಗ ಕೂತು ಧಗಿ ಅಂತ ಹೆದರಸ್ತೀರೇನ್ರಿ?"

ಆಫೀಸಿನವರಿಗೂ ನಗು ತಡೆಯಲಾಗಲಿಲ್ಲ. ಅಲ್ಲಿಗೆ ಕಾಲ ನಿಶ್ಚಯವಾಯಿತು. ಅವರ ಪ್ಯಾಕೇಜು ಬೇಡವೆಂದು ಎದ್ದು ಬಂದು, ಮಾಳಿಗೆಯ ಕೋಣೆಯಲ್ಲಿ ಕೂತು ನಾವೇ ಯೋಜನೆ ಹಾಕಿದೆವು. ಹೈದರಾಬಾದಿನಿಂದ ವಿಮಾನ. ಕ್ಯೋಟೋದಲ್ಲಿ ಹೆಂಗಸರು ಹಂಚಿಕೊಳ್ಳುವ ಚಾಪೆಯ ಕೋಣೆ, ಅಲ್ಲಿಂದಲೇ ಪಕ್ಕದ ನಾರಾ ಊರಿಗೆ ಹೋಗಿ ಬರುವುದು, ಊರೊಳಗೆಲ್ಲ ನಡಿಗೆ. ಆಗಸ್ಟಿನಲ್ಲಿ ಅವರದೊಂದು ಪಿತೃಗಳ ಹಬ್ಬ ಬರುತ್ತದೆ, ಆಗ ರೈಲೆಲ್ಲ ತುಂಬಿರುತ್ತದೆ, ದರವೂ ಏರುತ್ತದೆ ಎಂದು ನಾನು ಓದಿ ಹೇಳಿದೆ. ಹಿರಿಯರು ಬರೋ ವಾರದಲ್ಲಿ ಒಬ್ಬರ ಮನೆಗೆ ಹೋಗಬಾರದು ಎಂದು ಕಾಕು ಆ ವಾರವನ್ನು ಬಿಟ್ಟೇಬಿಟ್ಟರು.

ಇನ್ನು ಊಟ. ಅಲ್ಲಿ ಸಾರು, ಸೊಪ್ಪು ಎಲ್ಲದರಲ್ಲೂ ಮೀನಿನ ರಸ ಇರುತ್ತದೆಂದು ಹೆದರಿಸಿದ್ದರು. ಹಾಗಾದರೆ ಊಟದ ಖರ್ಚೇ ಇಲ್ಲ ಎಂದರು ಕಾಕು. ಮಡಿಯವರ ಪ್ರಯಾಣಕ್ಕೆ ಒಂದು ಪದ್ಧತಿ ಉಂಟು. ಬೇಯಿಸಿದ್ದು ಮುಸುರೆ, ದೂರ ಹೊರುವಂತಿಲ್ಲ. ಹುರಿದದ್ದಕ್ಕೆ ಆ ದೋಷವಿಲ್ಲ, ಎಲ್ಲಿಗೂ ಒಯ್ಯಬಹುದು. ಹಚ್ಚಿದ ಅವಲಕ್ಕಿ, ಮೆಂತ್ಯದ ಹಿಟ್ಟು, ಹುರಿಹಿಟ್ಟು, ಚಟ್ನಿಪುಡಿ. ಮೊಸರು, ಹಣ್ಣು ಅಲ್ಲೇ ಕೊಂಡರಾಯಿತು. ಹೆಂಗಸರನ್ನು ತಲೆತಲಾಂತರದಿಂದ ಅಡುಗೆಮನೆಯಲ್ಲಿ ಕಟ್ಟಿಹಾಕಿದ ಅದೇ ಮಡಿಯನ್ನು ಆಕೆ ಚೀಲಕ್ಕೆ ತುಂಬಿಕೊಂಡು ಹೊರಟಿದ್ದರು. ನನಗೆ ಆಗ ಅವರ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು.

ಮೊದಲು ಒಂದು ತಾಲೀಮು ಆಗಲಿ ಎಂದರು. ದೇವದುರ್ಗವೇ ನಾರಾ, ಮಾನ್ವಿಯೇ ಕ್ಯೋಟೋ. ಮೇ ತಿಂಗಳ ಬಿಸಿಲಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ಹೋಗುವುದು, ಹೋಟೆಲು ಹತ್ತಬಾರದು, ನೆಂಟರ ಮನೆಗೆ ಹೋಗಬಾರದು. ಬಟ್ಟೆಯ ಚೀಲ ನನ್ನ ಬೆನ್ನಿಗೆ, ತಿಂಡಿಯ ಚೀಲ ಮಾತ್ರ ಅವರ ಬೆನ್ನಿಗೆ. ದೇವದುರ್ಗದ ಬಸ್ ನಿಲ್ದಾಣದಲ್ಲಿ ಒಂದು ಆಡು ಬಂದು ಅವರ ಅವಲಕ್ಕಿ ಚೀಲಕ್ಕೆ ಬಾಯಿ ಹಾಕಿತು. ನಾರಾದಲ್ಲಿ ಜಿಂಕೆಗಳು ಹೀಗೇ ಮಾಡುತ್ತವಂತೆ ಎಂದು ನಾನು ಅಂದಾಗ ಕಾಕು ನಕ್ಕ ನಗು... ನನ್ನ ಅವ್ವನೂ ಅಲ್ಲಿಗೇ ಬಂದಿದ್ದಳು, ನಮ್ಮಿಬ್ಬರ ಅವತಾರ ನೋಡಲೆಂದೇ. "ಅಷ್ಟು ದೂರ ಹೊಂಟೀರಿ, ನಡೀಲಿಕ್ಕೆ ಹೆದರಬ್ಯಾಡ್ರಿ, ಕಾಲು ತಾವೇ ಕಲೀತಾವ" ಎಂದಷ್ಟೇ ಹೇಳಿ ಜಾಲಹಳ್ಳಿ ಬಸ್ಸು ಹತ್ತಿದಳು. ನಮ್ಮ ಕಡೆಯಿಂದ ಬಂದ ಆಶೀರ್ವಾದ ಅದೊಂದೇ.

ಸಿರವಾರದಲ್ಲಿ ಬಸ್ಸು ಬದಲಿಸಿ ಮಾನ್ವಿಯಲ್ಲಿ ಇಳಿದರೆ, ಯಾರೋ ನೋಡಿ ಕಾಕುವಿನ ತಮ್ಮನಿಗೆ ಸುದ್ದಿ ಮುಟ್ಟಿಸಿದ್ದರು. ಗುಡಿಯಲ್ಲಿ ಪೂಜೆಯ ಸೇವೆಯಲ್ಲಿದ್ದವರು ಅವರು. ಬಂದು ಮನೆಗೆ ಕರೆದೊಯ್ದರು, ಕಾಲು ತೊಳೆಯುವ ಮುಂಚೆಯೇ ಶುರು ಮಾಡಿದರು. ಜಪಾನಿನ ಮಾತು ಅವರ ಕಿವಿಗೆ ಬಿದ್ದಿತ್ತು. ಸಮುದ್ರ ದಾಟಬಾರದು ಎಂದರು. ಓಣಿಯ ಎಷ್ಟು ಮನೆಯ ಅಳಿಯಂದಿರು ದಾಟಿ ಬಂದು ಪಂಕ್ತಿಯ ಮೊದಲ ಎಲೆಗೆ ಕೂತಿಲ್ಲ ಎಂದು ಕಾಕು ಕೇಳಿದರು.

"ಅವರು ಹೊಟ್ಟಿಪಾಡಿಗೆ ಹೋಗ್ತಾರ ಅಕ್ಕಾ. ನೀ ಯಾಕ ಹೊಂಟಿ?"

"ನೋಡ್ಲಿಕ್ಕೆ."

"ಏನು ನೋಡ್ಲಿಕ್ಕೆ?"

"ಹೋದಮ್ಯಾಲೆ ಗೊತ್ತಾಗ್ತದ."

ತಮ್ಮ ಮೆಲ್ಲಗೆ, ಹಾಗಾದರೆ ಅಪ್ಪನ ಶ್ರಾದ್ಧಕ್ಕೆ ನೀನು ಅಡುಗೆಮನೆಗೆ ಬರುವ ಹಾಗಿಲ್ಲ ಎಂದರು. ಕಾಕುವಿನ ಮುಖ ಬಿಳುಚಿಕೊಂಡಿತು. ಮದುವೆಯಾಗಿ ಹೋದ ಮೇಲೂ ಒಂದು ವರ್ಷವೂ ತಪ್ಪಿಸದೆ ಅಪ್ಪನ ಶ್ರಾದ್ಧದ ಅಡುಗೆ ಮಾಡುತ್ತ ಬಂದವರು ಅವರು. ತವರು ಎಂದರೆ ಅವರಿಗೆ ಆ ಒಲೆಯೇ. ತಮ್ಮ ಅಂದದ್ದನ್ನು ಓಣಿಯ ಮನೆಗಳೂ ಅನ್ನುತ್ತವೆ, ಅನ್ನವೂ ಹೋಗುತ್ತದೆ ಎಂಬುದು ಗೊತ್ತಿಲ್ಲದ ಹೆಂಗಸಲ್ಲ. ನಾನೇ ಹೆದರಿ, ಬೇಡ ಬಿಡ್ರಿ ಕಾಕು ಎಂದು ಪಿಸುಗುಟ್ಟಿದೆ. ಅವರು ತಿಂಡಿಯ ಚೀಲ ಬೆನ್ನಿಗೇರಿಸಿ, ತಾಲೀಮು ಇನ್ನೂ ಮುಗಿದಿಲ್ಲ ಎಂದು ಹೊರಗೆ ಬಂದರು.

ಓಣಿಯ ತಿರುವಿನಲ್ಲಿ ಹಿಂದಿನಿಂದ ಹೆಜ್ಜೆಯ ಸದ್ದು. ತಮ್ಮನ ಹೆಂಡತಿ, ಸೆರಗಿನ ಮರೆಯಲ್ಲಿ ತಂಬಿಗೆ ಮಜ್ಜಿಗೆ ಹಿಡಿದು ಓಡಿ ಬಂದಿದ್ದರು. ಕಾಕು ನಿಂತೇ ಕುಡಿದರು. ಆಕೆ ಕೇಳಿದ್ದು ಒಂದೇ ಮಾತು, ಅಲ್ಲಿ ಚಳಿ ಬಹಳವೇ ಎಂದು. ಬೇಸಿಗೆಗೆ ಹೊರಟಿದ್ದೇವೆ, ನಮ್ಮಷ್ಟೇ ಬಿಸಿಲು ಎಂದರು ಕಾಕು. ಆಕೆ ತಲೆಯಾಡಿಸಿ ಹಿಂದಿರುಗಿದರು.

ಹೋದೆವು. ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯವರು ಹಿಟ್ಟಿನ ಡಬ್ಬಿಯೊಳಗೇ ಕೈ ಹಾಕಿದಾಗ ನಾನು ಉಸಿರು ಬಿಗಿ ಹಿಡಿದೆ. ಹುರಿದದ್ದು, ನಡೀತದ ಎಂದು ಕಾಕು ಮುಚ್ಚಳ ಹಾಕಿಕೊಂಡರು. ನಾರಾದಲ್ಲಿ ಆ ಅಷ್ಟೆತ್ತರದ ಬುದ್ಧನ ಮುಂದೆ ಕೈ ಮುಗಿದು ನಿಂತರು. ಏನು ಬೇಡಿದಿರಿ ಎಂದು ಕೇಳಿದೆ. ಏನೂ ಇಲ್ಲ ಎಂದರು, ಅಷ್ಟು ಹಗುರಾದ ಮುಖವನ್ನು ನಾನು ಮತ್ತೆ ನೋಡಲಿಲ್ಲ. ಕ್ಯೋಟೋದ ಬಿಸಿಲಲ್ಲಿ ಬೆವರುತ್ತ ನಡೆದೆವು, ಸಂಜೆಗೆ ಚಾಪೆಯ ಮೇಲೆ ಕೂತು ಮೊಸರಿಗೆ ಮೆಂತ್ಯದ ಹಿಟ್ಟು ಕಲಸಿ ತಿಂದೆವು. ಕೋಣೆಯಲ್ಲಿದ್ದ ಪರದೇಶದ ಹುಡುಗಿಯರಿಗೂ ಕಾಕು ಮೇಲಿಂದ ಕೈಗೆ ಹಾಕಿದರು. ಕಾಮಕುರಾ ಎಂಬ ಊರೊಂದು ನೋಡದೆ ಉಳಿಯಿತು. ಮತ್ತೆ ಬರೋಣ, ಅದಕ್ಕೇನು ಎಂದರು.

ತಿರುಗಿ ಬಂದ ಮೇಲೆ ಎಲ್ಲವೂ ಅಂದಂತೆಯೇ ಆಯಿತು. ಪಂಚಗವ್ಯ ತೆಗೆದುಕೊಂಡು ಶುದ್ಧಿ ಮಾಡಿಸಿಕೊಂಡರೆ ಮುಗಿಯಿತು ಎಂದು ಹಿರಿಯರು ಹೇಳಿ ಕಳಿಸಿದರು. ತಮ್ಮನೂ ಬಂದು ಬಾಗಿಲಲ್ಲಿ ನಿಂತು ಅದನ್ನೇ ಕೇಳಿದರು.

"ತಪ್ಪು ಮಾಡಿದವರು ಶುದ್ಧಿ ಮಾಡ್ಕೋತಾರ. ನಾ ಪ್ರವಾಸ ಮಾಡೀನಿ."

ಹಬ್ಬದ ಅಡುಗೆಗೆ ಕರೆ ನಿಂತಿತು. ಅಪ್ಪನ ಶ್ರಾದ್ಧದ ದಿನ ಕಾಕು ಬೆಳಗಿನಿಂದ ಮೆಟ್ಟಿಲ ಮೇಲೆ ಕೂತು ಅತ್ತರು. ಮಧ್ಯಾಹ್ನ ಮುಖ ತೊಳೆದು ಬಂದು ಕಾಮಕುರಾ ತೋರಿಸು ಎಂದು ಮೊಬೈಲು ಕೇಳಿದರು. ನಾಚಿಕೆಗೆಟ್ಟ ಸಂಗತಿ ಎಂದರೆ, ಒಲೆ ಮುಟ್ಟಗೊಡದ ಅದೇ ಮನೆಗಳು ಮಕ್ಕಳನ್ನು ಹೊರದೇಶಕ್ಕೆ ಕಳಿಸುವಾಗ ಹಿಟ್ಟು, ಪುಡಿಗೆಂದು ಕಾಕುವಿನ ಬಾಗಿಲಿಗೇ ಡಬ್ಬಿ ಕಳಿಸಿದವು. ಬೇಡವೆನ್ನಿ ಎಂದು ನಾನು ಕೂಗಾಡಿದೆ. ಅವರು ಡಬ್ಬಿ ತುಂಬಿ, ದರ ಏರಿಸಿದರು. ಬದುಕು ಅದರಲ್ಲೇ ನಡೆಯಿತು.

ಕಾಮಕುರಾಕ್ಕೆ ಹೋಗಲಾಗಲಿಲ್ಲ. ಹಾಸಿಗೆ ಹಿಡಿದಾಗ ತಮ್ಮ ಕೊನೆಯ ಸಲ ಬಂದು, ಈಗಲಾದರೂ ಒಂದು ಚಮಚ ಪಂಚಗವ್ಯ ತಗೋ ಅಕ್ಕಾ ಎಂದು ಅಂಗಲಾಚಿದರು. ಕಾಕು ಅವರ ಕೈ ಹಿಡಿದುಕೊಂಡರು, ಬಾಯಿ ಮಾತ್ರ ತೆರೆಯಲಿಲ್ಲ...

ಈಗ ಡಬ್ಬಿಯ ಮಾತು. ಅದನ್ನು ಕಳಿಸಿದ್ದು ಅದೇ ತಮ್ಮನ ಹೆಂಡತಿ. ಮಜ್ಜಿಗೆ ತಂದವರು. ಡಬ್ಬಿ ಮುಟ್ಟಿದ ರಾತ್ರಿಯೇ ಫೋನು ಮಾಡಿದರು. ಪಾಸ್‌ಪೋರ್ಟು ಬಂದಿದೆ, ಬೇಸಿಗೆಯಲ್ಲಿ ಅಗ್ಗವಂತಲ್ಲ, ಆ ಉಳಿದ ಊರಿಗೆ ನೀವು ಬರುತ್ತೀರಾ ಎಂದರು. ಯಜಮಾನರು ಏನಂದರು ಎಂದು ಕೇಳಿದೆ.

"ಅಡಗಿಮನಿ ಬಿಡಬೇಕಾಗ್ತದ ಅಂದ್ರು. ಬಿಡ್ತೀನಿ ಅಂದೆ. ಈಗ ನಮ್ಮ ಮನಿಯೊಳಗ ಅಡಗಿ ಮಾಡೋರು ನಾ ಒಬ್ಬಾಕಿನೇ ಇದ್ದೀನ್ರಿ. ಎಷ್ಟು ದಿನ ಹಸಿದಿರ್ತಾರ ನೋಡೋಣು."

ನಾವಿಬ್ಬರೂ ತುಂಬಾ ಹೊತ್ತು ನಕ್ಕೆವು. ಭಾನುವಾರ ದೇವದುರ್ಗಕ್ಕೆ ತಾಲೀಮು ಎಂದು ಗೊತ್ತುಮಾಡಿದೆವು. ಕೊನೆಗೆ ಅವರು ದನಿ ತಗ್ಗಿಸಿ, ಹಿಟ್ಟು ಅಕ್ಕನ ಹದಕ್ಕೆ ಬಂದಿದೆಯೇ, ನಿಜ ಹೇಳಿರಿ ಎಂದರು.

ಚಮಚ ಹಿಟ್ಟು ಬಾಯಿಗೆ ಹಾಕಿಕೊಂಡೆ. ಬಂದಿರಲಿಲ್ಲ. ಇಂಗು ಜಾಸ್ತಿ, ಮೆಂತ್ಯ ಇನ್ನೊಂದಿಷ್ಟು ಹುರಿಯಬೇಕಿತ್ತು. ಆ ಹದ ಕಾಕುವಿನ ಕೈಯೊಂದಿಗೇ ಹೋಯಿತು, ಇನ್ನು ಅದು ಯಾವ ಡಬ್ಬಿಯಲ್ಲೂ ಬರುವುದಿಲ್ಲ. ಹಾಗೆಂದೇ ಹೇಳಿದೆ. ಆಕೆ, ಇರಲಿ ಬಿಡ್ರಿ, ಇದನ್ನೇ ಒಯ್ಯೋಣ ಎಂದರು.